ಚಿತ್ತಾರದ ಮರದಲ್ಲಿ ಬಟ್ಟಲು ಕಡೆಯುವುದು: ಬೀಟೆ, ಹಲಸು, ಹೊನ್ನೆಗೆ ಮಲೆನಾಡಿನ ಕ್ರಮ

ನೇರ ಎಳೆಯ ತೇಗದಲ್ಲಿ ಬಟ್ಟಲು ಕಡೆದು ಕೈ ಪಳಗಿದವರೂ ಬೀಟೆಯ ಕವೆ, ಅಂದರೆ ಕೊಂಬೆ ಕವಲೊಡೆದ ತುಂಡು, ಸಿಕ್ಕಾಗ ಎಡವುತ್ತಾರೆ. ಚಿತ್ತಾರ ಹುಟ್ಟುವುದೇ ಎಳೆ ನೇರದಾರಿ ಬಿಟ್ಟ ಕಡೆ. ಕೊಂಬೆ ಕವಲೊಡೆದಲ್ಲಿ, ಗಂಟಿನ ಸುತ್ತ, ಅಥವಾ ಒಂದು ಪದರ ಬಲಕ್ಕೆ ಮುಂದಿನದು ಎಡಕ್ಕೆ ವಾಲಿ ಹೆಣೆದುಕೊಂಡಲ್ಲಿ ಅದು ಮೂಡುತ್ತದೆ. ಕಣ್ಣಿಗೆ ಹಬ್ಬವಾಗುವ ಆ ಎಳೆಯೇ ಉಳಿಗೆ ಕಿತ್ತು ಬರುತ್ತದೆ, ಒಣಗುವಾಗ ತಿರುಚುತ್ತದೆ, ಸೀಳು ಬಿಡುತ್ತದೆ. ನಮ್ಮಲ್ಲಿ ಅದರ ಮೇಲೆ ನಾಲ್ಕು ತಿಂಗಳ ಮಳೆಯ ತೇವ ಬೇರೆ. ಬಟ್ಟಲು ಉಳಿಯುತ್ತದೋ ಇಲ್ಲವೋ ಎನ್ನುವುದು ಬಹುಪಾಲು ಲೇತ್‌ಗೆ (ಮರ ತಿರುಗಿಸಿ ಕಡೆಯುವ ಯಂತ್ರ) ಏರಿಸುವ ಮೊದಲೇ, ಕೊರಡು ಸೀಳುವಾಗ ಮತ್ತು ಒಣಗಿಸುವಾಗ ನಿರ್ಧಾರವಾಗಿರುತ್ತದೆ. ಅದಕ್ಕೇ ಇಲ್ಲಿ ಆ ಎರಡಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ. ಲೇತ್ ಓಡಿಸುವುದು, ಗೌಜ್ (ಬಾಗಿದ ಅಲಗಿನ ಕಡೆಯುವ ಉಳಿ) ಹಿಡಿಯುವುದು ಗೊತ್ತಿದೆ ಎಂದುಕೊಂಡೇ ಬರೆದಿದ್ದೇವೆ. ಉದಾಹರಣೆಗೆ ಇಟ್ಟುಕೊಂಡಿರುವುದು 26 ಸೆಂ.ಮೀ. ಅಗಲ, 9 ಸೆಂ.ಮೀ. ಎತ್ತರದ ಬಟ್ಟಲು.

ಮರ ಎಲ್ಲಿಂದ ಬಂತು

ಮೊದಲು ಕಾಗದಪತ್ರ. ಬೀಟೆ, ಹೊನ್ನೆಯಂಥ ಮರಗಳನ್ನು ಸ್ವಂತ ತೋಟದಲ್ಲಿ ಬೆಳೆದಿದ್ದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ, ಪಾಸ್ ಇಲ್ಲದೆ ಸಾಗಿಸುವಂತಿಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆ, 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಎರಡೂ ಇಲ್ಲಿ ಅನ್ವಯಿಸುತ್ತವೆ. ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು) ಮರ ತೋಟದವರದಲ್ಲ, ಅಲ್ಲಿ ಸೊಪ್ಪಿನ ಹಕ್ಕು ಮಾತ್ರ. ಮುಂಗಾರಿನ ಗಾಳಿಗೆ ತಾನಾಗಿ ಬಿದ್ದ ಮರಕ್ಕೂ, ಬುಡ ಅಗೆದು ತೆಗೆದ ಬೇರಿಗೂ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಬೇಕು. ಬೀಟೆ ಸೇರಿರುವ ಡಾಲ್ಬರ್ಜಿಯಾ ಕುಲ ಬಹುತೇಕ ಇಡಿಯಾಗಿ 2017ರ ಜನವರಿಯಿಂದ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ಬಟ್ಟಲನ್ನು ವಿದೇಶಕ್ಕೆ ಕಳಿಸುವ ಆಲೋಚನೆ ಇದ್ದರೆ ಮರ ಕೊಂಡ ರಸೀದಿಯಿಂದಲೇ ಕಡತ ಶುರುವಾಗಬೇಕು.

ನಿರಾತಂಕದ ದಾರಿಗಳು ಮೂರು. ಒಂದು, ಇಲಾಖೆಯ ನಾಟಾ ಡಿಪೋ ಹರಾಜು. ಅಲ್ಲಿ ನೆಟ್ಟನೆಯ ದಿಮ್ಮಿಗೆ ಪೈಪೋಟಿ ಜಾಸ್ತಿ, ಕವೆ ಮತ್ತು ಗಂಟಿನ ತುಂಡು ಕೇಳುವವರು ಕಡಿಮೆ, ನಮಗೆ ಬೇಕಾದದ್ದು ಅದೇ. ದಿಮ್ಮಿಯ ಮೇಲೆ ಇಲಾಖೆ ಒತ್ತಿರುವ ಹ್ಯಾಮರ್ ಗುರುತಿನ ಫೋಟೊವನ್ನು ಕತ್ತರಿಸುವ ಮೊದಲು ತೆಗೆದಿಡಿ. ಎರಡು, ಕೆಡವುವ ತೊಟ್ಟಿಮನೆಗಳ ಕಂಬ, ತೊಲೆ, ಬಾಗಿಲ ಚೌಕಟ್ಟು. ಇದಕ್ಕೂ ಮನೆಯವರಿಂದ ಬರಹದಲ್ಲಿ ಒಂದು ಚೀಟಿ ಇರಲಿ. ಮೂರು, ಹಲಸು ಮತ್ತು ಸಿಲ್ವರ್ ಓಕ್. ಕಾಫಿ ತೋಟದ ಸಿಲ್ವರ್ ಓಕ್ ಕಡಿಯಲು ಬೀಟೆಯಷ್ಟು ಕಟ್ಟಲೆಯಿಲ್ಲ. ತ್ರಿಜ್ಯದ ನೇರಕ್ಕೆ, ಅಂದರೆ ನಡುವಿನಿಂದ ತೊಗಟೆಯ ಕಡೆಗೆ, ಸೀಳಿದರೆ ಅದರಲ್ಲಿ ಬರುವ ಜಾಲರಿಯಂಥ ಹೊಳಪು ಯಾವ ದುಬಾರಿ ಮರಕ್ಕೂ ಕಡಿಮೆಯಲ್ಲ. ಕೈಗೆ ಅಪರೂಪದ ತುಂಡು ಬರುವ ಮೊದಲು ಹಲಸಿನಲ್ಲಿ ಹತ್ತಾರು ಬಟ್ಟಲು ಕಡೆದಿರಲೇಬೇಕು. ಹಲಸಿನ ಎಳೆಯೂ ಹೆಣೆದುಕೊಂಡದ್ದೇ, ಹಾಗಾಗಿ ಬೀಟೆ ಕೊಡುವ ಪೆಟ್ಟನ್ನೆಲ್ಲ ಅದು ಅಗ್ಗದಲ್ಲಿ ಕಲಿಸುತ್ತದೆ.

ಹಳೆ ತೊಲೆಯಾದರೆ ಬಲವಾದ ಅಯಸ್ಕಾಂತವನ್ನು ನಾಲ್ಕೂ ಮುಖಕ್ಕೆ ನಿಧಾನವಾಗಿ ಆಡಿಸಿ. ಮೊಳೆ ಒಳಗೆ ಮುರಿದು ಕೂತಿದ್ದರೆ ಸುತ್ತಲಿನ ಮರ ಕಪ್ಪಾಗಿರುತ್ತದೆ. ಹೊನ್ನೆ, ಮತ್ತಿಯಲ್ಲಿ ಒಗರು ಹೆಚ್ಚು, ಕಬ್ಬಿಣ ತಾಗಿದರೆ ಮಸಿಯ ಕಲೆ ಇಂಚುಗಟ್ಟಲೆ ಹರಡಿರುತ್ತದೆ, ಅಷ್ಟನ್ನೂ ಕತ್ತರಿಸಿ ಬಿಡುವುದೇ ಒಳ್ಳೆಯದು.

ಕೊರಡು ಸೀಳುವುದು

ಕವೆಯನ್ನು ಸೀಳಬೇಕಾದದ್ದು ಎರಡು ಕೊಂಬೆ ಮತ್ತು ಕಾಂಡ ಮೂರರ ನಡುಬೆಂಡೂ (ನಡುವಿನ ಮೆದು ತಿರುಳು) ಒಂದೇ ಗೆರೆಯಲ್ಲಿ ಸಿಗುವಂತೆ. ಆಗ ಸೀಳಿದ ಮುಖದ ಮೇಲೆ ನವಿಲುಗರಿಯಂಥ ಚಿತ್ತಾರ ತೆರೆದುಕೊಳ್ಳುತ್ತದೆ. ಗೆರೆ ಎರಡು ಸೆಂ.ಮೀ. ತಪ್ಪಿದರೂ ಗರಿ ಒಂದು ಭಾಗಕ್ಕೆ ಪೂರ್ತಿ ಹೋಗಿ ಇನ್ನೊಂದು ಭಾಗ ಸಾದಾ ಉಳಿಯುತ್ತದೆ. ಮೂರೂ ಕೊನೆಯಲ್ಲಿ ಬೆಂಡು ಗುರುತು ಮಾಡಿ, ಸೀಮೆಸುಣ್ಣದ ದಾರ ಹೊಡೆದು, ಆಮೇಲೆ ಚೈನ್ ಸಾ ಹಚ್ಚಿ.

ಇಲ್ಲೇ ಹೆಚ್ಚಿನವರು ಚಿತ್ತಾರ ಕಳೆದುಕೊಳ್ಳುವುದು. ಗರಿ ಇರುವುದು ಬೆಂಡಿನಿಂದ ಮೂರ್ನಾಲ್ಕು ಸೆಂ.ಮೀ. ಆಳದವರೆಗೆ ಮಾತ್ರ. ಸೀಳಿದ ಚಪ್ಪಟೆ ಮುಖವನ್ನೇ ಬಟ್ಟಲಿನ ಬಾಯಿ ಮಾಡುವುದು ಸುಲಭ, ಹಾಗೆ ಮಾಡಿದರೆ ಆ ಗರಿಯೆಲ್ಲ ಸುರುಳಿಯಾಗಿ ನೆಲಕ್ಕೆ ಬೀಳುತ್ತದೆ, ಅಂಚಿನಲ್ಲಿ ಒಂದಿಷ್ಟು ಉಳಿಯುತ್ತದೆ ಅಷ್ಟೆ. ಬಾಯಿಯನ್ನು ತೊಗಟೆಯ ಕಡೆಗೆ, ಪಾದವನ್ನು ಬೆಂಡಿನ ಕಡೆಗೆ ತಿರುಗಿಸಿ. ಬೆಂಡಿನ ಭಾಗ ಖಂಡಿತ ಸೀಳುವುದರಿಂದ ಸೀಳಿದ ಮುಖದಿಂದ ಒಂದೂವರೆ ಸೆಂ.ಮೀ. ಕೊಯ್ದು ತೆಗೆಯಿರಿ. ಮುಗಿದ ಬಟ್ಟಲಿನ ಒಳತಳ ಗರಿಯ ಪದರದಲ್ಲೇ ನಿಲ್ಲುವಂತೆ ಪಾದದ ದಪ್ಪ ಲೆಕ್ಕ ಹಾಕಿ. ಕೊರಡು ತೊಗಟೆಯ ಕಡೆಗೆ ಕಿರಿದಾಗುತ್ತ ಹೋಗುವುದರಿಂದ ಹೀಗೆ ಮಾಡಲು ದಪ್ಪ ಮರ ಬೇಕು: ನಮ್ಮ ಅಳತೆಯ ಬಟ್ಟಲಿಗೆ ಕನಿಷ್ಠ 40 ಸೆಂ.ಮೀ. ಅಡ್ಡಗಲ. ಅಷ್ಟಿಲ್ಲದಿದ್ದರೆ ಆಳದ ಬಟ್ಟಲಿನ ಆಸೆ ಬಿಟ್ಟು ನಾಲ್ಕೈದು ಸೆಂ.ಮೀ. ಎತ್ತರದ ತಟ್ಟೆ ಮಾಡಿ. ಗರಿಗೆ ತಟ್ಟೆಯೇ ಹೆಚ್ಚು ಒಪ್ಪುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಹೆಣೆದ ಎಳೆಯ ಪಟ್ಟೆ ಚಿತ್ತಾರಕ್ಕೆ ಲೆಕ್ಕ ಬೇರೆ. ಅದು ಕಾಣುವುದು ತ್ರಿಜ್ಯದ ನೇರಕ್ಕೆ ಕೊಯ್ದ ಮುಖದಲ್ಲಿ, ಹಾಗಾಗಿ ಬಟ್ಟಲಿನಲ್ಲಿ ಎದುರುಬದುರು ಎರಡು ಕಡೆ ಮಾತ್ರ ಮೂಡುತ್ತದೆ. ಗಂಟಿನ ಉಬ್ಬಾದರೆ ಹೇಗೆ ತಿರುಗಿಸಿದರೂ ಸರಿ.

ಕೊಯ್ದ ದಿನವೇ ಅಡ್ಡಕೊಯ್ದ ತುದಿಗಳಿಗೆ ಕರಗಿಸಿದ ಮೇಣ ಅಥವಾ ಎರಡು ಕೈ ದಪ್ಪ ಫೆವಿಕಾಲ್ ಬಳಿಯಿರಿ. ಮೇಣವನ್ನು ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು, ನೇರ ಬೆಂಕಿಗೆ ಇಟ್ಟರೆ ಹೊತ್ತಿಕೊಳ್ಳುತ್ತದೆ. ಕವೆಯಲ್ಲಿ ಗರಿಯ ಮುಖಕ್ಕೂ ಬಳಿಯಬೇಕು. ಅಲ್ಲಿ ಎಳೆಗಳು ಮೇಲ್ಮುಖವಾಗಿ ಬಾಯ್ತೆರೆದಿರುತ್ತವೆ, ತುದಿಯಷ್ಟೇ ಬೇಗ ನೀರು ಬಿಟ್ಟು ಬಿರುಕುತ್ತವೆ. ಒಂದು ರಾತ್ರಿ ಹಾಗೇ ಬಿಟ್ಟರೆ ಬೇಸಿಗೆಯಲ್ಲಿ ಕೂದಲೆಳೆಯ ಸೀಳು ಬಂದಿರುತ್ತದೆ.

ಮೊದಲ ಕಡೆತ

28 ಸೆಂ.ಮೀ. ಅಗಲ, 11 ಸೆಂ.ಮೀ. ದಪ್ಪದ ಬಿಲ್ಲೆ ತೆಗೆಯಿರಿ. ಒಣ ಬೀಟೆಯಲ್ಲೇ ಇದು ಆರು ಕೆ.ಜಿ.ಯ ಹತ್ತಿರ ತೂಗುತ್ತದೆ, ಹಸಿಯಾದರೆ ಇನ್ನೂ ಹೆಚ್ಚು. ಲೇತ್‌ಗೆ ಕನಿಷ್ಠ 1 ಎಚ್‌ಪಿ ಮೋಟಾರು, ವೇಗ ಬದಲಿಸುವ ಸೌಲಭ್ಯ, ಅಲುಗಾಡದ ಅಡಿಪಾಯ ಇರಬೇಕು. ಬಾಯಿಯ ಕಡೆಯನ್ನು ಬಾಚಿಯಿಂದ ಸಪಾಟು ಮಾಡಿ ಬಿಲ್ಲೆಯನ್ನು ಲೇತ್‌ಗೆ ಹಿಡಿಸುವ 75ರಿಂದ 100 ಮಿ.ಮೀ.ಯ ಫೇಸ್‌ಪ್ಲೇಟ್ ಕೂರಿಸಿ, 12ನೇ ನಂಬರಿನ ಆರು ಮರದ ಸ್ಕ್ರೂ ಬಿಗಿಯಿರಿ. ಜಿಪ್ಸಮ್ ಹಲಗೆಗೆ ಹಾಕುವ ಕಪ್ಪು ಸ್ಕ್ರೂ ಬೇಡ, ಅದು ಬಾಗುವುದಿಲ್ಲ, ಪಟ್ಟನೆ ಮುರಿಯುತ್ತದೆ.

ವೇಗಕ್ಕೆ ಒಂದು ಲೆಕ್ಕ: ಸೆಂ.ಮೀ.ನಲ್ಲಿ ಅಗಲವನ್ನು ನಿಮಿಷದ ಸುತ್ತು, ಅಂದರೆ ಆರ್‌ಪಿಎಂನಿಂದ ಗುಣಿಸಿದರೆ 15,000ದಿಂದ 23,000ದ ಒಳಗೆ ಬರಬೇಕು. ನಮ್ಮ ಬಿಲ್ಲೆಗೆ ಅದು 535ರಿಂದ 820. ಆದರೆ ಕವೆಯ ತುಂಡಿನಲ್ಲಿ ಒಂದು ಪಕ್ಕ ಭಾರ ಇರುವುದರಿಂದ 400ರಲ್ಲಿ ಶುರು ಮಾಡಿ, ಎದುರು ತುದಿಯಿಂದ ಆಸರೆ ಕೊಡುವ ಟೇಲ್‌ಸ್ಟಾಕ್ ಒತ್ತಿಕೊಂಡೇ ಇರಲಿ, ಗುಂಡಗಾದ ಮೇಲೆ ಏರಿಸಿ. ಮುಖಕ್ಕೆ ಪೂರ್ತಿ ಮುಚ್ಚುವ ಶೀಲ್ಡ್ ಇಲ್ಲದೆ ಸ್ವಿಚ್ ಮುಟ್ಟಬೇಡಿ. ಕವೆಯೊಳಗೆ ತೊಗಟೆ ಮಡಚಿ ಸೇರಿಕೊಂಡಿರುತ್ತದೆ, ತುಂಡು ಅಲ್ಲಿಂದಲೇ ಹಾರುವುದು.

ಉಳಿ: 12 ಮಿ.ಮೀ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಉಕ್ಕಿನ) ಬೌಲ್ ಗೌಜ್, ಬೆವೆಲ್ (ಅಲಗಿನ ಇಳಿಜಾರು) 55ರಿಂದ 60 ಡಿಗ್ರಿ, ರೆಕ್ಕೆಗಳು ಹಿಂದಕ್ಕೆ ಸವರಿದ್ದು. ಒಳತಳಕ್ಕೆ 70 ಡಿಗ್ರಿಯ ಇನ್ನೊಂದು. ಹೊರಮೈಯನ್ನು ಪಾದದಿಂದ ಬಾಯಿಯ ಕಡೆಗೆ, ಒಳಮೈಯನ್ನು ಅಂಚಿನಿಂದ ನಡುವಿಗೆ ಕಡೆಯಿರಿ. ಆಗ ಕತ್ತರಿಸುವ ಎಳೆಯ ಹಿಂದೆ ಇನ್ನೊಂದು ಎಳೆ ಆಸರೆಯಾಗಿ ನಿಂತಿರುತ್ತದೆ. ಬೀಟೆಯ ರಂಧ್ರಗಳಲ್ಲಿ ಸುಣ್ಣದ ಅಂಶ ಕೂತಿರುವುದರಿಂದ ಅಲಗು ಬೇಗ ಮೊಂಡಾಗುತ್ತದೆ. ಉದ್ದ ಸುರುಳಿ ಬರುತ್ತಿದ್ದದ್ದು ಪುಡಿಯಾಗತೊಡಗಿತೆಂದರೆ ಅಲ್ಲಿಗೆ ನಿಲ್ಲಿಸಿ ಸಾಣೆ ಹಿಡಿಯಿರಿ.

ಚಕ್ (ಲೇತ್‌ನ ಕಚ್ಚಿಹಿಡಿಯುವ ಹಲ್ಲುಗಳು) ಹಿಡಿಯುವ ಟೆನನ್, ಅಂದರೆ ತಳದಲ್ಲಿ ಬಿಡುವ ಗುಂಡು ಚಾಚು, ಈಗ 70 ಮಿ.ಮೀ. ಅಗಲ, 8 ಮಿ.ಮೀ. ಎತ್ತರ ಇರಲಿ. ಒಣಗಿದಾಗ ಅದು ಮೊಟ್ಟೆಯಾಕಾರಕ್ಕೆ ಬರುತ್ತದೆ, ಮತ್ತೆ ಗುಂಡಗೆ ಮಾಡಲು ಮರ ಬೇಕು. ಟೆನನ್‌ನ ತುದಿ ಚಕ್‌ನ ತಳಕ್ಕೆ ತಾಗಬಾರದು, ಬಟ್ಟಲಿನ ಭುಜ ಹಲ್ಲುಗಳ ಮೇಲೆ ಕೂರಬೇಕು.

ಗೋಡೆಯ ದಪ್ಪ ಸಾಮಾನ್ಯ ಮರಕ್ಕೆ ಅಗಲದ ಹತ್ತನೇ ಒಂದು ಪಾಲು, ಅಂದರೆ 28 ಮಿ.ಮೀ. ಕವೆಗೆ, ಗಂಟಿನ ಮರಕ್ಕೆ 33 ಮಿ.ಮೀ. ಬಿಡಿ, ಅವು ಹೆಚ್ಚು ತಿರುಚುತ್ತವೆ. ದಪ್ಪ ಎಷ್ಟು ಎನ್ನುವುದಕ್ಕಿಂತ ಎಲ್ಲ ಕಡೆ ಒಂದೇ ಇರುವುದು ಮುಖ್ಯ. ಗೋಡೆ 28, ತಳ 45 ಇದ್ದರೆ ಗೋಡೆ ಮೊದಲು ಕುಗ್ಗುತ್ತದೆ, ತಳ ಜಗ್ಗುವುದಿಲ್ಲ, ಎರಡರ ನಡುವೆ ಸೀಳು ಬೀಳುತ್ತದೆ. ಕ್ಯಾಲಿಪರ್‌ನಲ್ಲಿ ಅಂಚು, ನಡು, ತಳ ಮೂರು ಕಡೆ ಅಳೆಯಿರಿ.

ಒಣಗಿಸುವುದು: ಮಳೆಗಾಲದ ಮೋಸ

ಮರ ಸುತ್ತಲಿನ ಗಾಳಿಯ ತೇವಕ್ಕೆ ಹೊಂದಿಕೊಂಡು ನಿಲ್ಲುತ್ತದೆ. 25 ಡಿಗ್ರಿ ಶಾಖದಲ್ಲಿ ಗಾಳಿಯ ತೇವ ಶೇ. 60 ಇದ್ದರೆ ಮರದ ತೇವ ಶೇ. 11ರ ಹತ್ತಿರ ನಿಲ್ಲುತ್ತದೆ, ಶೇ. 90 ಇದ್ದರೆ ಶೇ. 20ರಲ್ಲಿ. ತೀರ್ಥಹಳ್ಳಿ, ಹೊಸನಗರ, ಆಗುಂಬೆಯ ಸೀಮೆಯಲ್ಲಿ ಆರಿದ್ರಾ ಮಳೆಯಿಂದ ಮಘೆಯವರೆಗೆ ಗಾಳಿ ಶೇ. 90ರ ಆಸುಪಾಸಿನಲ್ಲೇ ಇರುತ್ತದೆ. ಪುಸ್ತಕದ ಕ್ರಮದಂತೆ ವಾರಕ್ಕೊಮ್ಮೆ ಬಟ್ಟಲನ್ನು ತೂಗುತ್ತೀರಿ, ನಾಲ್ಕು ವಾರ ತೂಕ ಇಳಿಯುವುದಿಲ್ಲ, ಒಣಗಿತು ಎಂದುಕೊಳ್ಳುತ್ತೀರಿ. ಅದು ಒಣಗಿದ್ದಲ್ಲ, ಶೇ. 20ಕ್ಕೆ ಬಂದು ಕೂತದ್ದು. ಅದನ್ನೇ ಮುಗಿಸಿ ಬೆಂಗಳೂರಿನ ಮನೆಗೆ ಕೊಟ್ಟರೆ ಬೇಸಿಗೆಗೆ ಎಳೆಗೆ ಅಡ್ಡವಾಗಿ ಸುಮಾರು ನಾಲ್ಕೈದು ಮಿ.ಮೀ. ಕುಗ್ಗುತ್ತದೆ, ಎಳೆಯುದ್ದಕ್ಕೆ ಕುಗ್ಗುವುದಿಲ್ಲ. ಬಾಯಿ ಮೊಟ್ಟೆಯಾಗುತ್ತದೆ, ಗರಿ ಇರುವಲ್ಲಿ ಬಿರುಕೂ ಬರಬಹುದು.

ಹಾಗಾಗಿ ಕೆಲಸವನ್ನು ಪಂಚಾಂಗಕ್ಕೆ ಹೊಂದಿಸಿ. ದೀಪಾವಳಿ ಕಳೆದ ಮೇಲೆ ಮೊದಲ ಕಡೆತ, ಮಾರ್ಚಿಯಿಂದ ಮೇ ನಡುವೆ ಎರಡನೆಯದು. ಹಲಸು ಈ ಅವಧಿಯಲ್ಲಿ ಒಣಗುತ್ತದೆ. ದಪ್ಪ ಬೀಟೆ ಒಣಗದಿದ್ದರೆ ಅವಸರ ಮಾಡದೆ ಮುಂದಿನ ಬೇಸಿಗೆಗೆ ಬಿಡಿ.

ಕಡೆದ ಬಟ್ಟಲಿನ ತಳದಲ್ಲಿ ಮರದ ಹೆಸರು, ತಾರೀಕು, ತೂಕ ಪೆನ್ಸಿಲ್‌ನಲ್ಲಿ ಬರೆಯಿರಿ. ಹೊರಮೈಗೆ, ಅಂಚಿಗೆ ಮೇಣ ಬಳಿದು ಒಳಮೈ ಹಾಗೇ ಬಿಡಿ. ಒಳಗಿನಿಂದ ಒಣಗಿದರೆ ಗೋಡೆ ಒಳಕ್ಕೆ ಬಾಗುತ್ತದೆಯೇ ಹೊರತು ಅಂಚು ಹರಿಯುವುದಿಲ್ಲ. ಎರಡು ಪದರ ದಿನಪತ್ರಿಕೆಯಲ್ಲಿ ಸುತ್ತಿ ಗಾಳಿ ನೇರ ಬೀಸದ ಕೋಣೆಯಲ್ಲಿ, ನೆಲದಿಂದ ಎತ್ತರಕ್ಕೆ, ಬೋರಲಾಗಿ ಇಡಿ. ಹಸಿ ಸುರುಳಿಯೊಳಗೆ ಹೂತಿಡುವ ಕ್ರಮ ಒಣ ಸೀಮೆಯದು, ನಮ್ಮಲ್ಲಿ ಹಾಗೆ ಇಟ್ಟರೆ ವಾರದೊಳಗೆ ಬೂಷ್ಟು ಹಿಡಿದು ಹಲಸಿನ ಬಿಳಿಭಾಗ (ತೊಗಟೆಗೆ ಹತ್ತಿರದ ಮರ) ನೀಲಿಗಟ್ಟುತ್ತದೆ. ಪತ್ರಿಕೆ ಒದ್ದೆಯಾದಂತೆ ಬದಲಿಸಿ. ಒಲೆಯ ಮೇಲಿನ ಅಟ್ಟಕ್ಕೆ ಹಸಿ ಬಟ್ಟಲು ಏರಿಸಬೇಡಿ, ಮೇಲ್ಮೈ ಒಣಗಿ ಬಿಗಿಯುತ್ತದೆ, ಒಳಗೆ ನೀರಿರುತ್ತದೆ, ಸೀಳದೆ ಬೇರೆ ದಾರಿಯಿಲ್ಲ. ಬಿಳಿಭಾಗ ಉಳಿಸಿಕೊಂಡಿದ್ದರೆ ತಿಂಗಳಿಗೊಮ್ಮೆ ತಟ್ಟಿ ನೋಡಿ. ಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆಹುಳು ಸೇರಿದೆ ಎಂದರ್ಥ, ಆ ಬಟ್ಟಲನ್ನು ಉಳಿದವುಗಳಿಂದ ಅಂದೇ ಬೇರೆ ಮಾಡಿ.

ಮಳೆಗಾಲದಲ್ಲಿ ಮುಗಿಸಲೇಬೇಕಾದ ಕೆಲಸವಿದ್ದರೆ ಒಂದು ಪ್ಲೈವುಡ್ ಪೆಟ್ಟಿಗೆ ಮಾಡಿ, ಕೆಳಗೆ 60 ವಾಟ್‌ನ ಹಳೆ ಮಾದರಿಯ ಬಲ್ಬು, ಕೆಳಗೂ ಮೇಲೂ ಎರಡೆರಡು ತೂತು. ಬಲ್ಬಿಗೂ ಬಟ್ಟಲಿಗೂ ನಡುವೆ ತಗಡಿನ ಮರೆ ಇರಲಿ, ಕಾಗದ ಹತ್ತಿರ ಬರಬಾರದು. 24 ಡಿಗ್ರಿ, ಶೇ. 90 ತೇವದ ಗಾಳಿಯನ್ನು 33 ಡಿಗ್ರಿಗೆ ಕಾಯಿಸಿದರೆ ಅದರ ತೇವ ಶೇ. 53ಕ್ಕೆ ಇಳಿಯುತ್ತದೆ. ಅಷ್ಟೇ ಸಾಕು, 40 ದಾಟಿಸಬೇಡಿ. ಎರಡು ಮೂರು ತಿಂಗಳು ತಣ್ಣಗೆ ಒಣಗಿದ ಬಟ್ಟಲನ್ನಷ್ಟೇ ಇದರೊಳಗೆ ಇಡಬೇಕು. ಪೆಟ್ಟಿಗೆಯೊಳಗೆ ತೂಕ ಇಳಿಯುವುದು ನಿಂತ ಮೇಲೆ ತೆಗೆದ ದಿನವೇ ಕಡೆದು ಮುಗಿಸಿ.

ಹಳೆ ತೊಲೆಯ ಮರವೂ ಕೊಯ್ದ ಮೇಲೆ ಒಳಗಿನ ಬಿಗಿ ಸಡಿಲಿ ಅಷ್ಟಿಷ್ಟು ಅಲುಗುತ್ತದೆ. 15 ಮಿ.ಮೀ.ಗೆ ಕಡೆದು ಮೂರು ವಾರ ಬಿಟ್ಟು ಮುಂದುವರಿಯಿರಿ.

ಎರಡನೆಯ ಕಡೆತ

ಒಣಗಿದ ಬಟ್ಟಲನ್ನು ಮರದ ಗುಂಡು ದಿಂಡಿಗೆ ಬೋರಲು ಒತ್ತಿ, ಟೇಲ್‌ಸ್ಟಾಕ್ ಕೊಟ್ಟು, ಟೆನನ್ ಮತ್ತೆ ಗುಂಡಗೆ ಮಾಡಿಕೊಳ್ಳಿ. ಹೊರ ಆಕಾರ ಮೊದಲು. ಪಾದದಿಂದ ಅಂಚಿನವರೆಗೆ ಒಂದೇ ಏರುಬಾಗು ಸಾಕು. ಮಣಿ, ಗೀರು, ಹೊರಚಾಚಿದ ಅಂಚು ಚಿತ್ತಾರದ ಮರಕ್ಕೆ ಭಾರ, ಕಣ್ಣು ಎಳೆಯ ಮೇಲೆ ನಿಲ್ಲುವುದಿಲ್ಲ.

ಒಳಮೈಯಲ್ಲಿ ಅಂಚಿನಿಂದ ಮೂರು ಸೆಂ.ಮೀ. ಆಳವನ್ನು 7 ಮಿ.ಮೀ. ದಪ್ಪಕ್ಕೆ ಪೂರ್ತಿ ಮುಗಿಸಿ, ಆಮೇಲೆ ಕೆಳಗೆ ಇಳಿಯಿರಿ. ಒಳಗಿನ ಮರ ತೆಗೆದ ಮೇಲೆ ಗೋಡೆ ನಡುಗುತ್ತದೆ, ಮತ್ತೆ ಅಂಚಿಗೆ ಉಳಿ ಕೊಟ್ಟರೆ ಕಚ್ಚಿಕೊಂಡು ಬಟ್ಟಲು ಒಡೆಯುತ್ತದೆ.

ಎಳೆ ಕಿತ್ತು ಬರುವುದು ಇಲ್ಲಿಯ ದೊಡ್ಡ ತಲೆನೋವು. ನೇರ ಮರದಲ್ಲಿ ಒಂದು ಸುತ್ತಿನಲ್ಲಿ ಎರಡು ಕಡೆ ಮಾತ್ರ ಬರುವ ಒರಟು, ಹೆಣೆದ ಎಳೆಯಲ್ಲಿ ಪಟ್ಟೆಪಟ್ಟೆಯಾಗಿ ಸುತ್ತಲೂ ಬರುತ್ತದೆ. ಕೈಯಾಡಿಸಿದರೆ ಬೆಕ್ಕಿನ ನಾಲಿಗೆಯ ಹಾಗೆ ತರಕು. ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ ಸರಿಮಾಡಲು ಹೋಗಬೇಡಿ: ಸುತ್ತಲಿನ ಮೆದು ಭಾಗ ಸವೆದು ಗುಂಡಿಯಾಗುತ್ತದೆ, ಕಿತ್ತ ಜಾಗ ಹಾಗೇ ಉಳಿಯುತ್ತದೆ. ಅಲಗನ್ನು ಹೊಸದಾಗಿ ಸಾಣೆ ಹಿಡಿದು, ಒರಟು ಜಾಗಕ್ಕೆ ಸ್ಪಿರಿಟ್‌ನಲ್ಲಿ ಕರಗಿಸಿದ ತೆಳು ಅರಗು ಬಳಿದು ಹತ್ತು ನಿಮಿಷ ಬಿಡಿ. ಎಳೆಗಳು ಗಟ್ಟಿಯಾಗಿ ನಿಲ್ಲುತ್ತವೆ. ಆಮೇಲೆ ಗೌಜ್‌ನ ಹಿಡಿ ತಗ್ಗಿಸಿ, ಅಲಗು 45 ಡಿಗ್ರಿ ಓರೆಯಾಗಿ ತಾಗುವಂತೆ, ಕಾಗದದಷ್ಟು ತೆಳುವಾಗಿ ಎಳೆಯಿರಿ. ಬರುವುದು ಹತ್ತಿಯಂಥ ನವಿರು ಸುರುಳಿ. ಎರಡು ಮೂರು ಸಲ ಹೀಗೆ ಮಾಡಿದರೆ ಸಾಮಾನ್ಯವಾಗಿ ಮೈ ನುಣುಪಾಗುತ್ತದೆ.

ಕವೆಯ ತೊಗಟೆಯ ಸಂದಿಗೆ ಅದೇ ಮರದ ಪುಡಿ ತುಂಬಿ ತೆಳು ಸೂಪರ್ ಗ್ಲೂ ಹನಿಸಬಹುದು. ಅದಕ್ಕೆ ಮೊದಲು ಸುತ್ತ ಅರಗು ಹಚ್ಚಿ, ಇಲ್ಲದಿದ್ದರೆ ಗ್ಲೂ ಬಿಳಿಭಾಗಕ್ಕೆ ಹೀರಿ ಹಳದಿ ಕಲೆ ಬಿಡುತ್ತದೆ. ಅಂಚಿನಿಂದ ಇಳಿದ ಸೀಳು ಎರಡು ಸೆಂ.ಮೀ. ದಾಟಿದ್ದರೆ ಗ್ಲೂ ನಂಬಿ ಲೇತ್ ತಿರುಗಿಸಬೇಡಿ. ಸೀಳಿನ ಕೆಳಗಿನವರೆಗೆ ಅಂಚು ತಗ್ಗಿಸಿ ಚಿಕ್ಕ ಬಟ್ಟಲು ಮಾಡಿ, ಅದಾಗದಿದ್ದರೆ ಬಿಡಿ.

ಉಜ್ಜುವುದು, ಪಾದ, ಹೊಳಪು

ಪೇಪರ್ 120, 180, 240, 320, 400ರ ಕ್ರಮದಲ್ಲಿ, ಲೇತ್ ಅರ್ಧ ವೇಗದಲ್ಲಿ. ಬೆರಳಿಗೆ ಬಿಸಿ ತಾಗಿದರೆ ಕೈ ತೆಗೆಯಿರಿ, ಬೀಟೆ ಕಾದರೆ ಅಡ್ಡ ಎಳೆಯಲ್ಲಿ ನವಿರು ಬಿರುಕು ಬಿಡುತ್ತದೆ. ಬೀಟೆಯ ಧೂಳು ಕೆಲವರ ಚರ್ಮಕ್ಕೆ ತುರಿ, ಗುಳ್ಳೆ ತರುತ್ತದೆ, ಸಿಲ್ವರ್ ಓಕ್‌ನದೂ ಹಾಗೆಯೇ. ಎನ್95 ಮಾಸ್ಕ್, ತುಂಬುತೋಳಿನ ಅಂಗಿ, ಹಿಂದೆ ಧೂಳು ಎಳೆಯುವ ಫ್ಯಾನು ಬೇಕೇ ಬೇಕು. ಬಿಳಿಭಾಗ ಉಳಿಸಿಕೊಂಡ ಬೀಟೆಯನ್ನು ಸ್ಪಿರಿಟ್ ಬಟ್ಟೆಯಲ್ಲಿ ಒರೆಸಬೇಡಿ, ಕೆಚ್ಚಿನ ನೇರಳೆ ಬಣ್ಣ ಕರಗಿ ಬಿಳಿಗೆ ಹತ್ತಿಕೊಂಡರೆ ಮತ್ತೆ ಹೋಗುವುದಿಲ್ಲ. ಗಾಳಿ ಊದಿ ಕೊಡವಿ.

ಪಾದಕ್ಕೆ ಬಟ್ಟಲನ್ನು ಮತ್ತೆ ಬೋರಲು ಹಿಡಿಸಿ ಟೆನನ್ ತೆಗೆಯಿರಿ. ಅಗಲ ಬಾಯಿಯ ಮೂರನೇ ಒಂದು ಪಾಲು, ನಡುವೆ ಒಂದೆರಡು ಮಿ.ಮೀ. ತಗ್ಗು. ತಗ್ಗಿಲ್ಲದಿದ್ದರೆ ಮಳೆಗಾಲದಲ್ಲಿ ತಳ ಉಬ್ಬಿ ಬಟ್ಟಲು ಗಿರಕಿ ಹೊಡೆಯುತ್ತದೆ.

ಬೀಟೆಯ ಒಳಗಿನ ಎಣ್ಣೆಯಂಶ ಅಗಸೆ ಎಣ್ಣೆಯನ್ನು, ವಾರ್ನಿಷನ್ನು ಗಟ್ಟಿಯಾಗಲು ಬಿಡುವುದಿಲ್ಲ, ವಾರಗಟ್ಟಲೆ ಅಂಟಂಟಾಗಿರುತ್ತದೆ. ಮೊದಲು ಮೇಣ ತೆಗೆದ ಚಪಡಾ ಅರಗನ್ನು ಲೀಟರ್ ಸ್ಪಿರಿಟ್‌ಗೆ 120 ಗ್ರಾಂ ಲೆಕ್ಕದಲ್ಲಿ ಕರಗಿಸಿ ಒಂದು ಕೈ ಕೊಡಿ, ಅದರ ಮೇಲೆ ಬೇಕಾದದ್ದು ಹಚ್ಚಿ. ಮಳೆ ಸುರಿಯುವ ದಿನ ಅರಗು ಬಳಿದರೆ ತೇವ ಸೇರಿ ಬೆಳ್ಳಗೆ ಮಂಜು ಕವಿಯುತ್ತದೆ, ಬಿಸಿಲಿನ ದಿನ ಕಾಯಿರಿ.

ತಿನ್ನುವ ವಸ್ತು ಇಡುವ ಹಲಸಿನ ಬಟ್ಟಲಿಗೆ ಒಂದು ಭಾಗ ಜೇನುಮೇಣ, ನಾಲ್ಕು ಭಾಗ ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಸೇರಿಸಿ ಬಿಸಿನೀರಿನ ಪಾತ್ರೆಯಲ್ಲಿ ಕರಗಿಸಿ ಹಚ್ಚಿ. ಕೊಬ್ಬರಿ ಎಣ್ಣೆ ಬೇಡ, ಅದು ಒಣಗುವುದಿಲ್ಲ, ಕೆಲವು ತಿಂಗಳಿಗೆ ಕಮಟು ವಾಸನೆ ಹೊಡೆಯುತ್ತದೆ. ಹಲಸಿನ ಹಳದಿ ಬೆಳಕಿಗೆ ನಿಧಾನ ಕಂದಾಗುತ್ತದೆ, ಕೊಳ್ಳುವವರಿಗೆ ಮೊದಲೇ ಹೇಳಿಬಿಡಿ. ಹೊನ್ನೆ ನೀರಿಗೆ ಬಣ್ಣ ಬಿಡುತ್ತದೆ, ಅದಕ್ಕೂ ಬೀಟೆಗೂ ಒಣಹಣ್ಣು, ಅಡಿಕೆಯಂಥ ಒಣ ಪದಾರ್ಥವೇ ಸರಿ. ಉಪ್ಪಿನಕಾಯಿ, ಮೊಸರು, ಬಿಸಿ ಸಾರು ಯಾವ ಮರದ ಬಟ್ಟಲಿಗೂ ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಆರಿಸಿ, ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಅದೇ ಮೇಣ ತೆಳುವಾಗಿ ತಿಕ್ಕಿದರೆ ಸಾಕು.